ಮಣ್ಣು ತುಂಬುವವರೆಗೆ

ಅದು ವೈಶಾಖಮಾಸದ ಒಂದು ಬೆಳಗು. ಮಕ್ತಲಿನ ಮೂಡಣ ದಿಕ್ಕಿನ ಬಂಡೆಗುಡ್ಡಗಳ ಹಿಂದಿನಿಂದ ಬೆಳಕು, ಗರ್ಭಗುಡಿಯ ಬಾಗಿಲನ್ನು ಮೆಲ್ಲನೆ ತೆರೆಯುವ ಅರ್ಚಕನ ಹಾಗೆ, ಯಾರ ನಿದ್ರೆಗೂ ಭಂಗ ಬರಬಾರದೆಂಬ ಸಂಕೋಚದಿಂದ ಹೊರಬಂದು, ಬೇಸಗೆಯ ತಾಪಕ್ಕೆ ಬಾಯ್ತೆರೆದು ಮಲಗಿದ್ದ ಎರೆಹೊಲಗಳ ಬಿರುಕುಗಳಲ್ಲಿ ಸಣ್ಣ ಸಣ್ಣ ಹೊನ್ನಿನ ಗೆರೆಗಳನ್ನು ಎಳೆಯುತ್ತಿತ್ತು. ಬೇವಿನ ಮರಗಳಲ್ಲಿ ಕಾಯಿ ಆಗಲೇ ಹಳದಿಗೆ ತಿರುಗಿತ್ತು. ಅದರ ಕಹಿಬೆರೆತ ಸಿಹಿಯ ಕಂಪು ಊರಿನ ಮೇಲೆ ತೆಳುವಾದ ವಸ್ತ್ರದಂತೆ ಹರಡಿಕೊಂಡಿತ್ತು. ದೂರದ ಹೊಲದಲ್ಲಿ ತಂಗಿದ್ದ ಕುರಿಹಿಂಡಿನ ಕೊರಳಗಂಟೆಗಳು ಬಿಟ್ಟು ಬಿಟ್ಟು ಕೇಳಿಸುತ್ತಿದ್ದವು... ಸಹೃದಯರೇ, ಪ್ರಕೃತಿಯು ತನ್ನ ಚೆಲುವನ್ನು ಮನುಷ್ಯನ ಅಳಲಿಗಾಗಿ ಒಂದು ದಿನವೂ ಮರೆಮಾಡುವುದಿಲ್ಲ. ಅದನ್ನು ನಿರ್ದಯತೆಯೆಂದು ಬಗೆಯುವವರಿದ್ದಾರೆ. ವಯಸ್ಸು ಮಾಗಿದಂತೆ ಅದೂ ಒಂದು ಕರುಣೆಯೆಂದೇ ತೋರತೊಡಗುತ್ತದೆ!

ಮಹಾಮಾರಿಯ ಎರಡನೆಯ ಅಲೆ ಎದ್ದ ವರ್ಷವದು. ಬೆಳಗಿನ ಹತ್ತು ಗಂಟೆಗೇ ಅಂಗಡಿಗಳ ಬಾಗಿಲು ಬೀಳುತ್ತಿತ್ತು. ಆಮೇಲೆ ಬಸ್ ನಿಲ್ದಾಣದಲ್ಲಿ ನಾಯಿಗಳು ಮಾತ್ರ ನೆರಳಿಂದ ನೆರಳಿಗೆ ನಡೆಯುತ್ತಿದ್ದವು. ಪೇಟೆಯ ಬೀದಿಯಲ್ಲಿ, ತನ್ನ ಬಟ್ಟೆಯಂಗಡಿಯ ಹಿಂದಿದ್ದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ, ವ್ಯಾಪಾರಿ ನಾಗಪ್ಪ ಹನ್ನೆರಡು ದಿನಗಳ ಜ್ವರದಿಂದ ಆಗತಾನೇ ಎದ್ದು ಕಿಟಕಿಯ ಬಳಿ ಕುಳಿತಿದ್ದ. ಅವನ ಹೆಂಡತಿ ಗಂಗಾಂಬಿಕಾ ಅದೇ ರೋಗದಿಂದ ಗದ್ವಾಲದ ಆಸ್ಪತ್ರೆಯಲ್ಲಿದ್ದಳು. ನಾರಾಯಣಪೇಟೆಯಲ್ಲಿ ಹಾಸಿಗೆ ಸಿಗದೆ, ಕೃಷ್ಣೆಯನ್ನು ದಾಟಿಸಿ ಅಲ್ಲಿಗೆ ಒಯ್ದಿದ್ದರು. ಅವಳ ದನಿ ಕೇಳಿ ನಾಲ್ಕು ದಿನಗಳಾಗಿದ್ದವು. ದಿನವೂ ಗಂಜಿ ತಂದು ಹೊಸ್ತಿಲ ಆಚೆ ಇಟ್ಟು ಹೋಗುತ್ತಿದ್ದ ಪೆಂಟಮ್ಮ, "ಅಕ್ಕಾರು ಛಲೋ ಅದಾರ್ರೀ, ಫೋನಿಗೆ ಚಾರ್ಜ್ ಇಲ್ಲಂತ," ಎನ್ನುತ್ತಿದ್ದಳು.

ಆ ಬೆಳಗ್ಗೆ ಪೆಂಟಮ್ಮನ ಜೊತೆಗೆ ಅವಳ ಗಂಡ ಆಶಪ್ಪನೂ ಬಂದು ಅಂಗಳದಲ್ಲಿ ನಿಂತ. ಉಟ್ಕೂರಿನ ಕಡೆಯ ಕುರಿಗಾರ, ಎತ್ತರದ ಆಳು, ಹೆಗಲ ಮೇಲೆ ಕರಿಯ ಕಂಬಳಿ.

"ಏನಪಾ ಆಶಪ್ಪ," ಎಂದ ನಾಗಪ್ಪ, ಒಡೆದ ದನಿಯಲ್ಲಿಯೇ ನಗುತ್ತ, "ಗಂಜಿ ಅಷ್ಟು ಭಾರ ಆತೇನು, ಇಬ್ರೂ ಹೊತ್ಕೊಂಡು ಬಂದೀರಿ?"

ಇಬ್ಬರೂ ನಗಲಿಲ್ಲ. ಪೆಂಟಮ್ಮ ಗಂಜಿಯ ಪಾತ್ರೆಯನ್ನು ಕೆಳಗಿಡುವುದನ್ನೇ ಮರೆತು ನಿಂತಿದ್ದಳು.

"ಸಾವ್ಕಾರ್ರೆ," ಎಂದ ಆಶಪ್ಪ, "ಅಕ್ಕಾರು ಹೋಗ್ಯಾರ್ರೀ... ನಾಕ ದಿನ ಆತು. ನಿಮ್ಮ ಉಸುರು ನೆಟ್ಟಗ ಇರಲಿಲ್ಲ. ಈಗ ಹೇಳಬ್ಯಾಡ್ರಿ ಅಂತ ಡಾಕ್ಟರು ಅಂದಿದ್ರು. ಮಣ್ಣು ನಾವ ಕೊಟ್ಟೀವ್ರಿ. ಗಟ್ಟಿನ ದಾರಿಯಾಗ, ಒಬ್ರ ಹೊಲದಾಗ."

ಕಿಟಕಿಯ ಸರಳನ್ನು ಹಿಡಿದಿದ್ದ ನಾಗಪ್ಪನ ಕೈ ಹಾಗೆಯೇ ಇತ್ತು. ಹೊರಗೆ ಬೆಳಕು ಏರುತ್ತಲೇ ಇತ್ತು. ಅವನ ಬಾಯಿಂದ ಬಂದದ್ದು ಅಳುವಲ್ಲ, ಒಂದು ಪ್ರಶ್ನೆ.

"ಕುಂದ್ರಿಸಿದ್ರೋ... ಮಲಗಿಸಿದ್ರೋ?"

ಆ ಪ್ರಶ್ನೆಯ ಆಳವನ್ನು ಅರಿಯಲು ಅವರ ಮನೆತನದ ಸಂಪ್ರದಾಯವನ್ನು ಅರಿಯಬೇಕು. ರಾಯಚೂರು ಸೀಮೆಯಿಂದ ಮೂರು ತಲೆಮಾರುಗಳ ಹಿಂದೆ ಬಂದು ಇಲ್ಲಿ ವ್ಯಾಪಾರ ಹಿಡಿದ ಶೈವರು ಅವರು. ಅವರಲ್ಲಿ ಅಳಿದವರನ್ನು ಮಲಗಿಸಿ ಹೂಳುವುದಿಲ್ಲ. ಸಮಾಧಿಯ ಗುಂಡಿಯೊಳಗೆ ಪೂಜೆಗೆ ಕುಳಿತ ಭಂಗಿಯಲ್ಲಿ ಕೂಡಿಸಿ, ಬದುಕಿದ್ದಷ್ಟು ಕಾಲ ಎದೆಯ ಮೇಲೆ ಧರಿಸಿದ್ದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಬಿಲ್ವಗಳೊಡನೆ ಮಣ್ಣು ಕೊಡುತ್ತಾರೆ. ಪೂಜೆಗೆ ಕುಳಿತ ಜೀವ ಕುಳಿತಲ್ಲಿಯೇ ಶಿವನಲ್ಲಿ ಬೆರೆಯಿತೆಂಬ ಭಾವ! ಆ ಭಾವವೇ ನಾಗಪ್ಪನ ಬದುಕಿನ ನೆಲಗಟ್ಟು. ಹೆಂಡತಿ ಹೋದಳೆಂಬ ದುಃಖವನ್ನು ಅವನು ಹೇಗೋ ಹೊತ್ತಾನು. ಅವಳು ಕುಳಿತು ಹೋಗಲಿಲ್ಲವೆಂದರೆ ಹೊರಲಾರ.

"ಕುಂದ್ರಿಸೀವ್ರಿ," ಎಂದ ಆಶಪ್ಪ.

"ಆಸ್ಪತ್ರಿಯವ್ರು ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕೊಡತಾರ. ಕಟ್ಟಿದ ಮೈ ಹೆಂಗ ಕುಂದ್ರತೈತಿ?"

"ಕುಂದ್ರಿಸೀವ್ರಿ. ಬೀರಪ್ಪನಾಣಿ."

"ಹೆಂಗ?"

ಆಶಪ್ಪ ಹೆಂಡತಿಯ ಮುಖ ನೋಡಿದ, ನೆಲ ನೋಡಿದ. ಒರಟು ಕೆನ್ನೆಗಳಲ್ಲಿ ಕೆಂಪೇರಿತು. "ಕುಂದ್ರಿಸೀವ್ರಿ," ಎಂದಷ್ಟೇ ಮತ್ತೊಮ್ಮೆ ಅಂದ.

ನಾಗಪ್ಪ ಗೋಡೆಯ ಕಡೆಗೆ ತಿರುಗಿದ. "ನಾಕ ದಿನ ಆಕಿ ಛಲೋ ಅದಾಳ ಅಂದ್ರಿ... ಇವತ್ತ ಕುಂದ್ರಿಸೀವಿ ಅಂತೀರಿ."

ಅವನ ಮಾತಿನಲ್ಲಿ ಕೋಪವಿರಲಿಲ್ಲ. ತನ್ನ ಜೀವ ಉಳಿಸಲೆಂದು ಸುಳ್ಳು ಹೇಳಿದವರು, ತನ್ನ ಮನಸ್ಸು ಉಳಿಸಲೆಂದು ಇನ್ನೊಂದು ಸುಳ್ಳನ್ನು ಹೇಳುತ್ತಿರಬಹುದಲ್ಲವೇ! ಒಳ್ಳೆಯವರ ಮಾತಿನಲ್ಲಿ ಹುಟ್ಟುವ ಸಂಶಯದಷ್ಟು ಕ್ರೂರವಾದುದು ಇನ್ನೊಂದಿಲ್ಲ. ಅದನ್ನು ಕೇಳಿ ತಿಳಿಯುವಂತಿಲ್ಲ, ಮರೆಯುವಂತೆಯೂ ಇಲ್ಲ.

ಅಂದಿನಿಂದ ಆ ಕೋಣೆಯಲ್ಲಿ ನಾಗಪ್ಪನ ಜೊತೆಗೆ ಎರಡು ನೆನಪುಗಳು ವಾಸ ಮಾಡಿದವು: ಗಂಗಾಂಬಿಕೆಯ ಜೊತೆಗೆ ಬಾಳಿದ ಮೂವತ್ತೊಂದು ವರ್ಷಗಳದು ಒಂದು, ಅವಳನ್ನು ಪ್ರೀತಿಸಿದ ಹದಿನಾಲ್ಕು ತಿಂಗಳುಗಳದು ಇನ್ನೊಂದು.

ಹೌದು, ಸಹೃದಯರೇ, ಹದಿನಾಲ್ಕೇ ತಿಂಗಳು! ಅವರದು ಜಗಳದ ದಾಂಪತ್ಯವಾಗಿರಲಿಲ್ಲ. ಜಗಳಕ್ಕೂ ಒಂದಿಷ್ಟು ಮಾತು ಬೇಕಲ್ಲವೇ? ಮಕ್ಕಳಾಗಲಿಲ್ಲ. ಆ ಕುರಿತು ಒಬ್ಬರನ್ನೊಬ್ಬರು ದೂರಲಿಲ್ಲ, ಸಂತೈಸಿಕೊಳ್ಳಲೂ ಇಲ್ಲ. ಅವನು ಲಿಂಗಪೂಜೆ ಮುಗಿಸಿ ಅಂಗಡಿಯ ಬಾಗಿಲು ತೆರೆಯುವನು. ನಾರಾಯಣಪೇಟೆಯ ನೇಕಾರರಿಂದ ತಂದ ಸೀರೆಗಳನ್ನು ಮಡಿಕೆ ಕೆಡದಂತೆ ಬಿಡಿಸಿ ತೋರಿಸುವನು. ಮಧ್ಯಾಹ್ನ ಉಣ್ಣಲು ಒಳಗೆ ಬರುವನು. ಅವಳು ಬಡಿಸುವಳು. "ಇಕಾರೀ, ಸಾಕೇನ್ರಿ?" ಎನ್ನುವಳು. ಅವನು ತಲೆಯಾಡಿಸುವನು. ಊರಿನ ಎಷ್ಟೋ ಹೆಂಗಸರಿಗೆ ಯಾವ ಬಣ್ಣ ಒಪ್ಪುತ್ತದೆಂದು ಹೇಳಬಲ್ಲವನಿಗೆ, ತನ್ನ ಮನೆಯಾಕೆಗೆ ಯಾವ ಬಣ್ಣ ಇಷ್ಟವೆಂದು ಕೇಳಬೇಕೆಂದೇ ತೋಚಿರಲಿಲ್ಲ.

ಆಮೇಲೆ ಮೊದಲನೆಯ ಲಾಕ್‌ಡೌನ್ ಬಂತು. ಬಸ್ಸು ರೈಲುಗಳು ನಿಂತವು. ರಾಯಚೂರಿನ ಕಡೆಯಿಂದ, ಅದಕ್ಕೂ ಆಚೆ ಪುಣೆ ಮುಂಬಯಿಗಳ ಕಡೆಯಿಂದ, ಕೂಲಿಗೆ ಹೋಗಿದ್ದ ಜನ ನಡೆದು ಬರತೊಡಗಿದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು, ಕಾಲಲ್ಲಿ ಸವೆದ ಚಪ್ಪಲಿ... ಬಿಸಿಲು ಕುದಿಯುವ ಟಾರು ರಸ್ತೆಯ ಮೇಲೆ ಅವರು ಬರುತ್ತಿದ್ದರೆ, ಬತ್ತಿದ ಹೊಳೆಯೊಂದು ತನ್ನ ಪಾತ್ರವನ್ನು ತಾನೇ ಹುಡುಕುತ್ತ ಬಂದಂತಿತ್ತು!

ಮೂರನೆಯ ದಿನ ಗಂಗಾಂಬಿಕಾ ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿಯತೊಡಗಿದಳು. ಹತ್ತು ಗಂಟೆಯಾದರೂ ಆ ಸದ್ದು ನಿಲ್ಲಲಿಲ್ಲ. ನಾಗಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನೋಡಿದರೆ, ಒಲೆಯ ಸುತ್ತ ರೊಟ್ಟಿಗಳನ್ನು ಗೋಡೆಗೆ ಆನಿಸಿ ಒಣಗಿಸಿಟ್ಟಿದ್ದಳು.

"ಯಾರಿಗೆ ಇಷ್ಟು?"

"ನಡಕೊಂತ ಹೊಂಟವ್ರಿಗೆ. ಅನ್ನ ಕೊಟ್ರ ಬಿಸಲಿಗೆ ಹಳಸತೈತ್ರಿ. ಖಡಕ್ ರೊಟ್ಟಿ ನಾಕ ದಿನ ಇರತೈತಿ. ಅವ್ರ ಊರು ಮುಟ್ಟೂತನಕ."

"ಯಾವ ಊರೋ, ಯಾವ ಮಂದಿಯೋ... ರೋಗ ಬಂದ್ರ?"

ಅವಳು ಹಿಟ್ಟಿನ ಕೈಯನ್ನು ಒರೆಸಿಕೊಳ್ಳದೆ ತಲೆಯೆತ್ತಿ ನೋಡಿದಳು. "ಬರಲಿ ಬಿಡ್ರಿ. ಬಂದ ಮ್ಯಾಲ ಮಲಗಾಕ ನಮಗ ಮನಿ ಐತಿ." ಮತ್ತೆ ಹಿಟ್ಟಿಗೆ ಕೈಹಾಕಿ ಅಂದಳು: "ಕಟ್ಟಿ ಕೊಡಾಕ ಅರಿವಿ ಇಲ್ಲ. ಅಂಗಡಿಯಾಗ ಬಿಳಿ ಥಾನ್ ಐತಲ್ಲ, ಅದನ್ನ ಹರಕೊಡ್ರಿ."

ಸುರುಳಿ ಬಿಚ್ಚದ ಹೊಸ ಥಾನನ್ನು! ಗಿರಾಕಿ ಬೆರಳಿಟ್ಟರೂ ಮುಖ ಗಂಟಿಕ್ಕುತ್ತಿದ್ದ ನಾಗಪ್ಪ ಹೋಗಿ ಅಂಗಡಿಯ ಅರೆತೆರೆದ ಬಾಗಿಲ ಸಂದಿಯಲ್ಲಿ ಬಹಳ ಹೊತ್ತು ನಿಂತ. ರಸ್ತೆಯಲ್ಲಿ ಒಬ್ಬ ಹೆಂಗಸು ಬರಿಗಾಲಿಗೆ ಸುಡುವ ನೆಲ ತಾಳದೆ ಎಲೆಗಳನ್ನು ಕಟ್ಟಿಕೊಂಡು ನಡೆಯುತ್ತಿದ್ದಳು. ಅವನು ಒಳಗೆ ಹೋಗಿ ಥಾನನ್ನು ಇಳಿಸಿದ. ಅರಿವೆ ಹರಿಯುವ ಸದ್ದು ಆ ಮಧ್ಯಾಹ್ನವೆಲ್ಲ ಆ ಮನೆಯಲ್ಲಿ ಕೇಳಿಸಿತು. ಬಿಳಿಯ ಚೌಕಗಳಲ್ಲಿ ಅವಳು ನಾಲ್ಕು ನಾಲ್ಕು ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಉಳ್ಳಾಗಡ್ಡಿ ಇಟ್ಟಳು. ಅವನು ಗಂಟು ಹಾಕಿದ. ಗಂಟು ಹಾಕುವಾಗ ಬೆರಳಿಗೆ ಬೆರಳು ತಗಲಿತು... ಅಷ್ಟೇ!

ಊರ ಹೊರಗಿನ ಬೇವಿನ ಮರದ ಕೆಳಗೆ ಅವರ ಗುಡಿಸಲಿಲ್ಲದ ಛತ್ರ ಶುರುವಾದದ್ದು ಹೀಗೆ. ಒಬ್ಬೊಬ್ಬರಾಗಿ ಜನ ಬಂದು ಸೇರಿದರು. ಒಬ್ಬರು ಹಿಟ್ಟು ಕಳಿಸಿದರು, ಒಬ್ಬರು ನೀರಿನ ಟ್ಯಾಂಕರ್ ನಿಲ್ಲಿಸಿದರು. ಹತ್ತಿರದ ಹೊಲದಲ್ಲಿ ಹಿಂಡು ತಂಗಿಸಿಕೊಂಡಿದ್ದ ಆಶಪ್ಪ ಒಂದು ದಿನ ಆಡಿನ ಹಾಲಿನ ಕ್ಯಾನನ್ನು ತಂದು ದೂರದಲ್ಲಿಟ್ಟು, "ಕೂಸುಗಳಿಗೆ ಆಗತೈತೇನ್ರಿ ಅಕ್ಕಾರೆ?" ಎಂದು ಕೇಳಿದ. ಮರುದಿನ ಪೆಂಟಮ್ಮ ಬಂದು, ಕೇಳದೆಯೇ ರೊಟ್ಟಿಯ ಕಲ್ಲಿನ ಮುಂದೆ ಕುಳಿತಳು.

"ಅಕ್ಕಾರೆ, ನಿಮ್ಮ ರೊಟ್ಟಿ ಭಾಳ ತೆಳ್ಳಗ ಆತ್ರಿ. ನಡಿಯೋ ಮಂದಿಗೆ ದಪ್ಪ ಬೇಕು."

"ನಿನ್ನ ರೊಟ್ಟಿ ಕಟ್ಟಿಕೊಟ್ರ ಹಾದ್ಯಾಗ ನಾಯಿ ಬಂದ್ರ ಒಗದು ಓಡಸಾಕೂ ಆಗತೈತಿ ಬಿಡು," ಎಂದು ಗಂಗಾಂಬಿಕಾ ನಕ್ಕಳು.

ನಾಗಪ್ಪ ತಲೆಯೆತ್ತಿ ನೋಡಿದ. ಇವಳು ಹಾಸ್ಯ ಮಾಡಬಲ್ಲಳೇ? ಈ ನಗೆ ಮೂವತ್ತು ವರ್ಷ ಎಲ್ಲಿತ್ತು? ಮುಚ್ಚಿಟ್ಟ ಪೆಟ್ಟಿಗೆಯಲ್ಲಿ ಮಡಿಕೆ ಬಿಚ್ಚದೆ ಉಳಿದ ರೇಷ್ಮೆಯೊಂದು ಬೆಳಕಿಗೆ ಬಂದು ಫಳಕ್ಕನೆ ಹೊಳೆದಂತೆ, ಆ ನಗೆ ಅವನ ನಡುವಯಸ್ಸು ದಾಟಿದ ಎದೆಯೊಳಗೆ ಹೊಳೆದು ನಿಂತಿತು!

ಆ ಸಂಜೆ ಜನಪ್ರವಾಹ ಕಡಿಮೆಯಾದ ಮೇಲೆ ಅವಳು ಮರದ ಬುಡದಲ್ಲಿ ಕುಳಿತಳು. ಮೊಣಕೈಯವರೆಗೆ ಹಿಟ್ಟು ಒಣಗಿತ್ತು. ಪಡುವಣ ಆಕಾಶದಲ್ಲಿ ಕೇಸರಿಯ ಮೋಡಗಳು ಹತ್ತಿ ಅರಳೆಯಂತೆ ಹಿಂಜಿಕೊಂಡಿದ್ದವು. ನಾಗಪ್ಪ ಚರಿಗೆಯಲ್ಲಿ ನೀರು ತಂದು, ಅವಳ ಮುಂದೆ ಬಾಗಿ, ಕೈಗಳ ಮೇಲೆ ಮೆಲ್ಲನೆ ಸುರಿದ. ಅವಳು ಬೆರಗಿನಿಂದ ಕೈ ತೊಳೆಯುವುದನ್ನೇ ನಿಲ್ಲಿಸಿದಳು.

"ತೊಳಕೋ... ಗಂಗಾ," ಎಂದ ಅವನು.

ಅವಳ ಕಣ್ಣುಗಳಲ್ಲಿ ನೀರು ತುಂಬಿತು, ತುಟಿಗಳಲ್ಲಿ ತುಂಟತನ. "ಮೂವತ್ತು ವರ್ಷಕ್ಕ ಹೆಸರು ನೆನಪಾತೇನ್ರಿ? ನಾ ಅನಕೊಂಡಿದ್ದೆ, ನೀವು ನನಗ 'ಏ ಇವಳ' ಅಂತಾನ ನಾಮಕರಣ ಮಾಡೀರಿ ಅಂತ."

ಹೀಗೆ ಶುರುವಾಯಿತು, ಐವತ್ತೆಂಟರ ವರನಿಗೂ ಐವತ್ತೆರಡರ ವಧುವಿಗೂ ಆ ಅಪರೂಪದ ವಸಂತ. ನಡೆಯುವವರು ತಮ್ಮ ಊರು ಸೇರಿದರು; ಮಳೆ ಬಂತು, ಚಳಿ ಬಂತು; ರೋಗ ಹಳ್ಳಿಗಳ ಒಳಗೆ ಬಂತು. ಸೋಂಕಾಗಿ ಬಾಗಿಲು ಮುಚ್ಚಿಕೊಂಡ ಮನೆಗಳಿಗೆ ಅವರ ಬುತ್ತಿಗಳು ಹೋದವು. ಅವಳು ಕಿಟಕಿಯ ಆಚೆ ನಿಂತು ರೋಗಿಗಳ ಜೊತೆ ಹರಟುವಳು. ಅವನು ಹಿಂದೆ ಬುತ್ತಿಯ ಚೀಲ ಹಿಡಿದು ನಿಂತು, ಆ ಹರಟೆಯನ್ನು ಸಂಗೀತದಂತೆ ಕೇಳುವನು. ದಾರಿಯಲ್ಲಿ ಅವನು ತನ್ನ ಬಾಲ್ಯವನ್ನು ಹೇಳಿದ. ಅವಳು ಹುಟ್ಟದ ಮಕ್ಕಳಿಗೆ ಮನಸ್ಸಿನಲ್ಲಿಟ್ಟಿದ್ದ ಹೆಸರುಗಳನ್ನು ಹೇಳಿದಳು. ಯಾವ ಬಣ್ಣ ಇಷ್ಟವೆಂದೂ ಅವನು ಕೇಳಿದ. "ಗಿಣಿ ಹಸರು," ಎಂದಳು ಅವಳು, ಹದಿನೆಂಟರ ಹುಡುಗಿಯಂತೆ ನಾಚಿ. ಲೋಕವೆಲ್ಲ ಮುಖ ಮುಚ್ಚಿಕೊಂಡ ಕಾಲದಲ್ಲಿ ಆ ಇಬ್ಬರು ಒಬ್ಬರ ಮುಖವನ್ನೊಬ್ಬರು ಮೊದಲ ಬಾರಿಗೆ ಕಂಡರು!

ಮರುವರ್ಷದ ಬೇಸಗೆಯಲ್ಲಿ ಸಾವುಗಳು ಹೆಚ್ಚಿದವು. ಮನೆಯವರೆಲ್ಲ ಸೋಂಕಿನಲ್ಲಿದ್ದರೆ ಹೆಣ ಎತ್ತುವವರಿಲ್ಲ. ಆಗ ಆಶಪ್ಪನೂ ಇನ್ನು ಮೂವರೂ ಹಿಂಡನ್ನು ಅಣ್ಣತಮ್ಮಂದಿರಿಗೆ ಒಪ್ಪಿಸಿ, ಆ ಕೆಲಸಕ್ಕೆ ನಿಂತರು. ನೆತ್ತಿಯಿಂದ ಪಾದದವರೆಗೆ ಪ್ಲಾಸ್ಟಿಕ್ ಅಂಗಿ ತೊಟ್ಟು, ಯಾವ ಜಾತಿಯವರಿಗೆ ಯಾವ ರೀತಿಯೋ ಆ ರೀತಿ ಮಾಡಿ ಬರುವರು. ಬಂದ ಮೇಲೆ ಬೇವಿನೆಲೆಯ ನೀರಲ್ಲಿ ಮಿಂದು, ಗಂಗಾಂಬಿಕಾ ದೂರದಲ್ಲಿಟ್ಟ ಬುತ್ತಿಯನ್ನು ಉಣ್ಣುವರು.

ನಾಗಪ್ಪನಿಗೆ ಮೊದಲು ಜ್ವರ ಬಂತು; ಮೂರು ದಿನಗಳ ಮೇಲೆ ಅವಳಿಗೆ. ಅವನದು ನಿಂತಲ್ಲಿ ನಿಂತಿತು. ಅವಳದು ಎದೆಗೆ ಇಳಿಯಿತು. ಆಂಬುಲೆನ್ಸ್ ಬಾಗಿಲಿಗೆ ಬಂದಾಗ ಅವನು ಹಾಸಿಗೆಯಿಂದ ಎದ್ದು ಹೊಸ್ತಿಲವರೆಗೆ ಗೋಡೆ ಹಿಡಿದು ಬಂದ. ಹೇಳಬೇಕೆಂದುಕೊಂಡದ್ದು ಬಹಳವಿತ್ತು. ಅವಳು ಮೇಲುಸಿರಿನ ನಡುವೆ ಅಂದದ್ದು ಇಷ್ಟು: "ಹಿಟ್ಟಿನ ಡಬ್ಬಿ ಮುಚ್ಚಳ ಹಾಕ್ರಿ... ಹುಳ ಬೀಳ್ತಾವ." ಗಾಡಿಯ ಬಾಗಿಲು ಮುಚ್ಚಿತು.

ಜ್ಯೇಷ್ಠ ಮಾಸ ಬಂತು. ಮೃಗಶಿರಾ ಮಳೆ ಎರಡು ದಿನ ಹದವಾಗಿ ಸುರಿದು, ಕಾದ ನೆಲದಿಂದ ಎದ್ದ ಮಣ್ಣಿನ ಕಂಪಿಗೆ ಊರೆಲ್ಲ ನಿಟ್ಟುಸಿರು ಬಿಟ್ಟಿತು. ಹೊರಗೆ ಹೋಗಬಹುದೆಂದು ಡಾಕ್ಟರು ಹೇಳಿದ ದಿನವೇ ನಾಗಪ್ಪ ಆಶಪ್ಪನಿಗೆ ಫೋನು ಮಾಡಿ, "ನನ್ನ ಅಲ್ಲಿಗೆ ಕರಕೊಂಡು ಹೋಗು," ಎಂದ. ಅದಕ್ಕೆ ಮುಂಚೆ ಮಲ್ದಕಲ್ಲಿನ ಜಂಗಮ ವೀರಯ್ಯನವರಿಗೂ ಫೋನು ಮಾಡಿದ್ದ. ಅಂತ್ಯಕ್ರಿಯೆ ಮಾಡಿಸಬೇಕಾದ ಗುರುಗಳು ಅವರು. ಗಂಗಾಂಬಿಕೆಗೆ ಮಣ್ಣು ಕೊಟ್ಟ ದಿನ ಅವರೇ ಹಾಸಿಗೆ ಹಿಡಿದಿದ್ದರು. "ಫೋನಿನ್ಯಾಗ ಎಲ್ಲಾ ಹೇಳಿಕೊಟ್ಟೆ ನಾಗಪ್ಪಾ," ಎಂದರು ವೀರಯ್ಯನವರು, ಕೆಮ್ಮುತ್ತ. "ಮಂತ್ರ ನಾನ ಅಂದೆ. ಖರೇ ಅಂದ್ರ ಕುಂದ್ರಿಸೋದು ಆಗೂದಿಲ್ಲಪಾ, ಮಲಗಿಸ್ರಿ, ಶಿವ ಒಪ್ಪಗೊಂತಾನ ಅಂತ ಹೇಳಿದ್ದೆ. ಅವ್ರು ಏನು ಮಾಡಿದ್ರೋ ನಾ ಕಂಡಿಲ್ಲ."

ಆ ಮಾತು ನಾಗಪ್ಪನ ಸಂಶಯಕ್ಕೆ ಇನ್ನೊಂದು ಕಲ್ಲನ್ನು ಕಟ್ಟಿತು. ಗುರುವೇ ಆಗದೆಂದಿದ್ದನ್ನು ಈ ಕುರಿಗಾರರು ಮಾಡಿರಲು ಸಾಧ್ಯವೇ?

ಬಾಡಿಗೆಯ ಆಟೋ ಒಂದರಲ್ಲಿ ನಾಗಪ್ಪ, ಆಶಪ್ಪ, ಪೆಂಟಮ್ಮ ಮೂವರೂ ಹೊರಟರು. ಜೂರಾಲದ ಅಣೆಕಟ್ಟಿನ ಮೇಲೆ ಬಂದಾಗ ನಾಗಪ್ಪ ಗಾಡಿ ನಿಲ್ಲಿಸಲು ಹೇಳಿ ಇಳಿದ. ಕೃಷ್ಣೆ ಹೊಸ ನೀರಿನ ಕೆಂಬಣ್ಣ ಹೊತ್ತು ಹರಡಿಕೊಂಡಿದ್ದಳು. ಮೋಡದ ಸಂದಿನಿಂದ ಇಳಿದ ಬಿಸಿಲಿನ ಕೋಲೊಂದು ನೀರಿನ ನಡುವೆ ಬಿದ್ದು, ಯಾರೋ ಹಚ್ಚಿಟ್ಟ ದೀಪದಂತೆ ಅಲುಗುತ್ತಿತ್ತು. ಇದೇ ದಾರಿಯಲ್ಲಿ ಅವಳನ್ನು ಒಯ್ದರು... ಗಾಡಿಯ ಕಿಟಕಿಯಿಂದ ಅವಳಿಗೆ ಈ ನೀರು ಕಂಡಿತೋ ಇಲ್ಲವೋ! ಅವನು ಕೈಮುಗಿದು ಮರಳಿ ಬಂದು ಕುಳಿತ.

ಗದ್ವಾಲ ದಾಟಿ ಗಟ್ಟಿನ ದಾರಿಯಲ್ಲಿ ಎರಡು ಮೈಲಿ. ಸ್ಮಶಾನದ ಸುತ್ತಲಿನವರು ರೋಗಕ್ಕೆ ಹೆದರಿ ಬೇಡವೆಂದಾಗ, ಕೊಟ್ರೇಶನೆಂಬ ರೈತ ಹೆಸರು ಕೂಡ ಕೇಳದೆ ತನ್ನ ಹೊಲದ ಮೂಲೆಯನ್ನು ಬಿಟ್ಟುಕೊಟ್ಟಿದ್ದ. ಹತ್ತಿ ಊರಲು ಹಸನು ಮಾಡಿದ ಹೊಲದ ಅಂಚಿನಲ್ಲಿ, ಮಳೆಗೆ ತುಸು ಕುಸಿದ ಮಣ್ಣಿನ ದಿಬ್ಬ. ಸುತ್ತ ದನ ತುಳಿಯದಂತೆ ಜಾಲಿಯ ಮುಳ್ಳು. ಪಕ್ಕಕ್ಕೆ ಗುರುತಿನ ಒಂದು ಕಲ್ಲು. ದಿಬ್ಬ ಉದ್ದವಾಗಿರಲಿಲ್ಲ, ದುಂಡಗಿತ್ತು. ಆದರೆ ಮೇಲಿನ ಮಣ್ಣನ್ನು ಹೇಗೆ ಬೇಕಾದರೂ ಕೂಡಿಹಾಕಬಹುದಲ್ಲವೇ?

ನಾಗಪ್ಪ ವಿಭೂತಿ ಹಚ್ಚಿದ. ಬಿಲ್ವಪತ್ರಿ ಏರಿಸಿದ. ಆಮೇಲೆ ತಿರುಗಿ ನೋಡದೆಯೇ ಕೇಳಿದ:

"ಆಶಪ್ಪ, ಆಕಿ ಇಲ್ಲಿ ಅದಾಳ. ಆಕಿ ಮುಂದ ಸುಳ್ಳು ಹೇಳಬ್ಯಾಡ. ಮಲಗಿಸಿದ್ರೂ ನಾ ನಿಮ್ಮನ್ನ ಬಯ್ಯೂದಿಲ್ಲ. ನನಗ ಖರೇ ಬೇಕು."

ಆಶಪ್ಪ ಕಂಬಳಿಯ ಅಂಚನ್ನು ಬೆರಳಿಗೆ ಸುತ್ತುತ್ತ ನಿಂತ. "ಒಂದು ತಪ್ಪು ಆಗೇತ್ರಿ ಸಾವ್ಕಾರ್ರೆ. ಅಂಗಡಿ ಮುಚ್ಚಿದ್ವು, ವಿಭೂತಿ ಸಿಗಲಿಲ್ಲ. ಅಯ್ಯಾರು ಫೋನಿನ್ಯಾಗ ವಿಭೂತಿ ಹಾಕ್ರಿ, ವಿಭೂತಿ ಹಾಕ್ರಿ ಅಂತಾರ. ನನ್ನ ಚೀಲದಾಗ ಇದ್ದದ್ದು ಬೀರಪ್ಪನ ಭಂಡಾರ ಒಂದ. ಅದನ್ನ ಹಾಕೀನ್ರಿ, ಮುಷ್ಟಿ ತುಂಬ."

ಭಂಡಾರವೆಂದರೆ ಕುರಿಗಾರರು ತಮ್ಮ ದೇವರ ಪ್ರಸಾದವೆಂದು ಹಣೆಗಿಡುವ ಅರಿಸಿನದ ಪುಡಿ. ಶೈವಸಮಾಧಿಯಲ್ಲಿ ಅರಿಸಿನ! ನಾಗಪ್ಪನ ತಾತನಾಗಿದ್ದರೆ ಗುಡುಗುತ್ತಿದ್ದನೇನೋ. ನಾಗಪ್ಪ ದಿಬ್ಬದ ಮೇಲಿನ ಪತ್ರಿಯನ್ನು ಸರಿಪಡಿಸಿ, "ಬೀರಪ್ಪ ಶಿವನ ಬಿಟ್ಟು ಬ್ಯಾರೆ ಏನೋ, ಹುಚ್ಚಪ್ಪ?" ಎಂದ. "ಲಿಂಗ?"

"ಆಸ್ಪತ್ರಿಯವ್ರು ಬಿಚ್ಚಿ ಕೊಟ್ಟಿದ್ರು, ಎಡಗೈ ಮ್ಯಾಲ ಇಟ್ಟೀನ್ರಿ. ಚೀಲ ಬಿಚ್ಚಾಕ ಬಿಡಲಿಲ್ಲ, ಅದಕ್ಕ ಮ್ಯಾಲಿಂದಾನ. ನಾ ಬರಿಗೈಲೆ ಮುಟ್ಟಲಿಲ್ರಿ, ಪತ್ರಿಯೊಳಗ ಹಿಡದು ಇಟ್ಟೀನಿ. ಜಾರಬಾರದಂತ ಕಂಬಳಿ ಎಳಿ ಕಿತ್ತು ಕಟ್ಟೀನಿ."

"ಕುಂದ್ರಿಸಿದ್ದು ಹೆಂಗ?"

ಆಶಪ್ಪನ ಕೆನ್ನೆಗಳಲ್ಲಿ ಮತ್ತೆ ಅದೇ ಕೆಂಪು. ಪೆಂಟಮ್ಮನ ತಾಳ್ಮೆ ಹರಿಯಿತು.

"ಏಮಯ್ಯಾ, ಚೆಪ್ಪು!" ಎಂದು ತೆಲುಗಿನಲ್ಲಿ ಗದರಿ, ನಾಗಪ್ಪನ ಕಡೆ ತಿರುಗಿದಳು. "ನೋಡ್ರಿ ಸಾವ್ಕಾರ್ರೆ, ಇಲ್ಲಿ ಬಾಯಿ ಹೊಲಕೊಂಡು ನಿಂತಾನ. ಮನಿಯಾಗ ನನ್ನ ಕೂಡ ಜಗಳಾ ಮಾಡಾಕ ಮಾತ್ರ ಊರಗಲ ಬಾಯಿ! ಅವತ್ತಿಂದ ನೆಟ್ಟಗ ಉಂಡಿಲ್ರಿ ಇವ. ಹೇಳ್ತೀಯೋ, ನಾನ ಹೇಳಲೋ?"

ಆಶಪ್ಪ ಮುಳ್ಳಿನ ಬೇಲಿಯ ಆಚೆಗೆ, ಹೊಲದ ಕಡೆಗೆ ಮುಖ ಮಾಡಿಕೊಂಡು ಹೇಳತೊಡಗಿದ.

"ಅಯ್ಯಾರು ಮಲಗಿಸ್ರಿ ಅಂದ್ರು. ನನಗ ಮನಸ್ಸು ಬರಲಿಲ್ರಿ. ಅಕ್ಕಾರು ದಿನಾ ಮುಂಜಾನೆ ಲಿಂಗ ಹಿಡಕೊಂಡು ಕುಂದ್ರತಿದ್ದದ್ದು ನಾ ಕಂಡೀನಿ. ಗುಂಡಿ ಆಳ ತಗದು, ಕಾಲು ಮಡಚಿ ಇಳಿಸಿದಿವಿ. ಕೂಡವಲ್ಲದು. ಮುಂದಕ್ಕ ಬಾಗತಿತ್ತು... ಒಮ್ಮೆ ಮಗ್ಗಲಕ್ಕ ಬಿತ್ತು. ಕಲ್ಲು ಕೊಟ್ಟು ನೋಡಿದಿವಿ, ನಿಲ್ಲಲಿಲ್ಲ. ಆಮ್ಯಾಲ ನಾ ಒಳಗ ಇಳದ್ನಿರೀ. ಅಕ್ಕಾರ ಹಿಂದ ಗುಂಡಿ ಗ್ವಾಡಿಗೆ ಬೆನ್ನು ಹಚ್ಚಿ ಕುಂತು... ಎರಡೂ ಕೈಲೆ... ಹಿಂದಿಂದ ತಬ್ಬಿ ಹಿಡಕೊಂಡ್ನಿರೀ. ಮ್ಯಾಲಿಂದ ಮಣ್ಣು ಹಾಕ್ರಿ ಅಂದೆ. ಎದಿ ಮಟ ಮಣ್ಣು ತುಂಬಿ ಗಟ್ಟಿ ಆಗೂತನಕ ಬಿಡಲಿಲ್ಲ. ನಡುಮಟ ನಾನೂ ಹೂತಿದ್ದೆ. ಕಂಬಳಿ ಇಳಿಬಿಟ್ಟು ನನ್ನ ಮ್ಯಾಲ ಎಳಕೊಂಡ್ರು." ಅವನ ದನಿ ಇಳಿಯಿತು. "ನೀವು ಹೆಂಗ ಅಂತ ಕೇಳಿದಾಗ ಏನಂತ ಹೇಳಲಿರೀ? ಇನ್ನೊಬ್ರ ಹೆಂಡತೀನ್ನ... ನಾ ಕುರುಬರಾಂವ... ತಬ್ಬಿಕೊಂಡು ಕುಂತಿದ್ದೆ ಅಂತ ಗಂಡನ ಮುಂದ ಹೆಂಗ ಹೇಳಲಿ?"

"ಆ ದಿನ ಮನಿಗೆ ಬಂದು ನನ್ನ ಮಾರಿ ಸೈತ ನೋಡವಲ್ಲ," ಎಂದಳು ಪೆಂಟಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ನಾ ಅಂದೆ, ಅಕ್ಕಾರನ್ನ ಬೀಳಾಕ ಬಿಟ್ಟು ಬಂದಿದ್ರ ನಿನ್ನ ಒಳಗ ಬಿಡತಿದ್ದಿಲ್ಲ ನಾ, ಹೊರಗ ಕುರಿ ಕೂಡ ಮಲಗಬೇಕಿತ್ತು ನೀ, ಅಂದೆ."

ಗಾಳಿ ನಿಂತಿತ್ತು. ಜಾಲಿಯ ಮುಳ್ಳುಗಳ ತುದಿಯಲ್ಲಿ ಮಳೆಹನಿಗಳು ಒಂದೊಂದು ಸೂರ್ಯನನ್ನು ಹೊತ್ತು ನಡುಗುತ್ತಿದ್ದವು. ನಾಗಪ್ಪನಿಗೆ ಎಲ್ಲವೂ ಸ್ಪಷ್ಟವಾಯಿತು. ಸಂತೈಸಲು ಸುಳ್ಳು ಹೇಳುವವನು ಯಾರೂ ಇಂಥ ಸುಳ್ಳನ್ನು ಕಟ್ಟುವುದಿಲ್ಲ. ತನ್ನ ಮಾನವನ್ನೇ ಒತ್ತೆಯಿಡುವ ಮಾತನ್ನು ಯಾವ ದಯೆಯೂ ಕಲ್ಪಿಸಲಾರದು. ಈ ಮೂರು ವಾರಗಳ ಮೌನಕ್ಕೆ ಕಾರಣ ಲಜ್ಜೆ! ಗಂಗಾಂಬಿಕಾ ಕುಳಿತೇ ಹೋಗಿದ್ದಳು. ಕುಳಿತೇ ಹೋಗಿದ್ದಳು!

"ಬಾ ಇಲ್ಲಿ," ಎಂದ.

ಆಶಪ್ಪ ಅಳುಕುತ್ತ ಬಂದ. ನಾಗಪ್ಪ ಅವನ ಎರಡೂ ಕೈಗಳನ್ನು ಹಿಡಿದುಕೊಂಡ. ಗುದ್ದಲಿಯಿಂದ ಗಂಟುಗಟ್ಟಿದ ಆ ಅಂಗೈಗಳನ್ನು ಬೋರಲು ಮಾಡಿ, ಮೇಲು ಮಾಡಿ, ನೋಡಿದ.

"ಭಾರ ಇದ್ಲೇನೋ?"

"ಇಲ್ರಿ... ಹಗುರ ಇದ್ರು. ಕೂಸಿನಂಗ."

"ಮುಂದಕ್ಕ ಬಾಗಲಿಲ್ಲಲ್ಲ?"

"ಇಲ್ರಿ. ತಲಿ ನನ್ನ ಭುಜಕ್ಕ ಇತ್ತು. ಬಿಡಲಿಲ್ರಿ ನಾ."

ಆಗ ನಾಗಪ್ಪನಿಗೆ ಅಳು ಬಂತು. ಸುದ್ದಿ ತಿಳಿದ ದಿನದಿಂದ ಎದೆಯಲ್ಲಿ ಕಲ್ಲಾಗಿ ಕುಳಿತಿದ್ದುದು, ಮೊದಲ ಮಳೆಗೆ ಎರೆಮಣ್ಣು ಕರಗುವಂತೆ ಕರಗಿ ಹರಿಯಿತು. ಆ ಕೈಗಳನ್ನು ಕಣ್ಣಿಗೆ ಒತ್ತಿಕೊಂಡು ಅವನು ಅತ್ತ. ಆಶಪ್ಪ ಕೈಬಿಡಿಸಿಕೊಳ್ಳಲು ಹವಣಿಸಿದ, ನಾಗಪ್ಪ ಬಿಡಲಿಲ್ಲ.

"ಮೂವತ್ತೊಂದು ವರ್ಷ ಆಕಿ ಮಗ್ಗಲಾಗ ಇದ್ದೆ," ಎಂದ ನಾಗಪ್ಪ. "ಹಂಗ ಒಂದಿನಾನೂ ಹಿಡಕೊಂಡು ಕುಂತಿದ್ದಿಲ್ಲೋ ನಾನು. ಕಡೀ ಹೊತ್ತಿಗಿ ಹಿಡಕೋಬೇಕಂದ್ರ ನನ್ನ ಕೈ ಇಲ್ಲಿ ಇರಲಿಲ್ಲ. ನಿನ್ನವು ಇದ್ವು. ನಾಚಬ್ಯಾಡ ತಮ್ಮಾ... ನೀ ಮಾಡಿದ್ದು ಪಾಪ ಅಲ್ಲ. ನಾ ಮಾಡಬೇಕಾದ್ದನ್ನ ನನ್ನ ಸಲುವಾಗಿ ಮಾಡೀದಿ."

"ಸಾಕು ಬಿಡ್ರಿ ಸಾವ್ಕಾರ್ರೆ," ಎಂದಳು ಪೆಂಟಮ್ಮ, ತಾನೂ ಅಳುತ್ತ, "ಹಿಂಗ ಹೊಗಳಿದ್ರ ನಾಳಿಂದ ಇವ ನನ್ನ ಮಾತು ಕೇಳ್ತಾನೇನ್ರಿ?"

ಮೂವರೂ ಅಳುವಿನ ನಡುವೆಯೇ ನಕ್ಕರು. ಆಮೇಲೆ ಮೂವರೂ ಬಗ್ಗಿ, ಮಳೆಗೆ ಕುಸಿದಿದ್ದ ದಿಬ್ಬದ ಮೇಲೆ ಹೊಲದ ಹಸಿಮಣ್ಣನ್ನು ಬೊಗಸೆ ಬೊಗಸೆಯಾಗಿ ಏರಿಸಿ, ಅಂಗೈಯಿಂದ ತಟ್ಟಿ ಸಮಮಾಡಿದರು.

ಮನುಷ್ಯನ ಹೃದಯದ ರೀತಿ ವಿಚಿತ್ರವಾದುದು, ಸಹೃದಯರೇ. ಅದು ತಾನು ಕಳೆದುಕೊಂಡದ್ದನ್ನು ಮೊದಲು ಅಳೆಯುತ್ತದೆ. ಅಳೆದು ಅಳೆದು ಸೋತ ಮೇಲೆ, ಕಳೆದುಕೊಳ್ಳುವ ಆ ಗಳಿಗೆಯಲ್ಲಿ ತನಗಾಗಿ ಯಾರು ಯಾರು ಕೈಚಾಚಿದ್ದರೆಂದು ಮೆಲ್ಲಗೆ ಕಣ್ಣುಬಿಟ್ಟು ನೋಡುತ್ತದೆ. ಆ ಕಾಲದಲ್ಲಿ ನಮ್ಮಲ್ಲಿ ಎಷ್ಟು ಜನರ ಪ್ರಿಯರನ್ನು ಹೆಸರು ತಿಳಿಯದ ಕೈಗಳು ಎತ್ತಿದವು, ಇಳಿಸಿದವು, ಹಿಡಿದು ಕುಳಿತವು! ಅವರಲ್ಲಿ ಎಷ್ಟೋ ಜನ ಬಂದು ನಮಗೆ ಹೇಳಲೂ ಇಲ್ಲ. ಹೇಳದೆ ಉಳಿದ ಆ ಉಪಕಾರಗಳ ಮೇಲೆಯೇ ಉಳಿದವರ ಬದುಕು ನಿಂತಿದೆ. ಪ್ರೇಮವೆಂದರೆ ಇಬ್ಬರ ನಡುವಿನ ಸೊತ್ತೆಂದು ಯೌವನದಲ್ಲಿ ತಿಳಿದಿರುತ್ತೇವೆ. ಅದನ್ನು ಕಡೆಯವರೆಗೆ ಹೊತ್ತು ಮುಟ್ಟಿಸಲು ಒಂದು ಊರೇ ಬೇಕಾಗುತ್ತದೆ.

ಹೇ ಶಂಭೋ, ಕರುಣಾಳುವೇ, ಗಂಗಾಂಬಿಕೆಯೆಂಬ ಈ ಜೀವ ನಿನ್ನ ಮುಂದೆ ಬೆನ್ನು ಬಾಗಿಸದೆ ಬಂದು ಕುಳಿತಿದೆ. ಅದನ್ನು ನಿನ್ನಲ್ಲಿ ಸೇರಿಸಿಕೋ. ಆ ಎರಡು ಬೇಸಗೆಗಳಲ್ಲಿ ಮಲಗಿ ಬಂದವರನ್ನೂ, ಉರಿದು ಬಂದವರನ್ನೂ, ಮಂತ್ರವಿಲ್ಲದೆ, ಮನೆಯವರ ಮುಖ ಕಾಣದೆ, ಒಬ್ಬಂಟಿಯಾಗಿ ಬಂದವರನ್ನೂ ಅಷ್ಟೇ ಅಕ್ಕರೆಯಿಂದ ನಿನ್ನ ಬಳಿ ಕೂಡಿಸಿಕೋ. ಅವರ ದಣಿವು ಆರಲಿ, ಅವರ ಉಸಿರು ಹಗುರಾಗಲಿ... ಅವರೆಲ್ಲರಿಗೂ ಶಾಂತಿಯನ್ನು ಕರುಣಿಸು, ತಂದೆಯೇ.